ನೆಲದ ಗುರು ಲಘು

ಕೆನಡಾ ದೇಶದ ಉತ್ತರದ ಅಂಚಿನಲ್ಲಿ, ಉತ್ತರ ಧ್ರುವದ ನೆರೆಯ ಶೀತ ಸಮುದ್ರದೊಳಗೆ, ಡೆವನ್ ಎಂಬ ದ್ವೀಪವಿದೆ. ಜನವಸತಿಯಿಲ್ಲದ ದ್ವೀಪಗಳಲ್ಲಿ ಜಗತ್ತಿಗೇ ಹಿರಿದು. ಮರದ ಹೆಸರಿಲ್ಲ, ಕಲ್ಲುಚೂರು, ಗಾಳಿ, ಅಲ್ಲಲ್ಲಿ ಒಂದಿಷ್ಟು ಹಾವಸೆ. ಹಿಂದೊಂದು ಕಾಲದಲ್ಲಿ ಆಕಾಶದಿಂದ ಬಿದ್ದ ಬಂಡೆಯೊಂದು ಅಲ್ಲಿ ಸುಮಾರು 23 ಕಿಲೋಮೀಟರು ಅಗಲದ ಕುಳಿಯನ್ನು ತೋಡಿತು. ಅದರ ಹೆಸರು ಹಾಟನ್.

ಕುಳಿಯೆಂದೊಡನೆ ಓದುಗರು ಅಚ್ಚುಕಟ್ಟಾದ ಬಟ್ಟಲನ್ನು ಕಲ್ಪಿಸಿಕೊಳ್ಳಬಾರದು. ಹಿಮವೂ ತೊರೆಗಳೂ ಅದರ ಅಂಚನ್ನು ಸವೆಸಿವೆ. ನಡುವೆ ನಿಂತವನಿಗೆ ಕಾಣುವುದು ಬೂದುಬಣ್ಣದ ದಿಬ್ಬಗಳು. ಕಣ್ಣಿಗೆ ನಿಲುಕದ ಉಳಿದದ್ದನ್ನು ಭೂಭೌತ ವಿಜ್ಞಾನಿಗಳು ತೂಗಿ ತಿಳಿದರು. ಛಂದಸ್ಸಿನ ಪಾಠ ಹೇಳುವ ನನ್ನಂಥವನನ್ನು ಈ ಶಾಸ್ತ್ರದ ಕಡೆಗೆ ಸೆಳೆದದ್ದು ಆ ತೂಗುವ ಬಗೆಯೇ.

ಅವರ ಗುರುತ್ವಮಾಪಕದಲ್ಲಿರುವುದು ಸೂಕ್ಷ್ಮವಾದ ಒಂದು ಸುರುಳಿ, ಅದಕ್ಕೆ ತೂಗಬಿಟ್ಟ ಪುಟ್ಟದೊಂದು ಭಾರ. ಅಡಿಯ ಶಿಲೆ ಗಟ್ಟಿಯಾಗಿದ್ದರೆ ಭೂಮಿಯ ಸೆಳೆತ ತುಸು ಹೆಚ್ಚು. ಏಟು ತಿಂದು ಬಿರಿದು ಸಡಿಲವಾಗಿದ್ದರೆ ತುಸು ಕಡಿಮೆ. ಹಾಟನ್ನಿನ ನಡುವೆ ಈ ಕೊರತೆ ಹೆಚ್ಚುಕಡಿಮೆ ಲಕ್ಷದಲ್ಲೊಂದು ಪಾಲು. ಮೂರು ಮೀಟರು ಮೇಲೇರಿದರೆ ಸಾಕು, ಆ ಕೊರತೆಯ ಹತ್ತರಲ್ಲೊಂದು ಭಾಗದಷ್ಟು ಸೆಳೆತ ತಾನಾಗಿಯೇ ಇಳಿಯುತ್ತದೆ. ಆದುದರಿಂದ ಉಪಕರಣವಿಟ್ಟ ಪ್ರತಿಯೊಂದು ತಾಣದ ಎತ್ತರವನ್ನೂ ಎಚ್ಚರದಿಂದ ಅಳೆಯಬೇಕು. ಮೇಲುಮಣ್ಣು ಕರಗಿದ ಬೇಸಗೆಯ ಕೆಸರಿನಲ್ಲಿ ಅದನ್ನು ಸಮವಾಗಿ ನಿಲ್ಲಿಸಬೇಕು, ಗಾಳಿ ಅಲುಗಿಸದಂತೆ ಮರೆ ಹಿಡಿಯಬೇಕು, ಮುಳ್ಳು ನಿಶ್ಚಲವಾಗುವವರೆಗೆ ಕಾಯಬೇಕು. ಸುರುಳಿಯೂ ದಣಿಯುತ್ತದೆ! ಅದರ ದಣಿವನ್ನು ಲೆಕ್ಕದಿಂದ ಕಳೆಯಲೆಂದು ಹೊರಟ ತಾಣಕ್ಕೇ ಮರಳಿ ಮತ್ತೆ ಅಳೆಯುತ್ತಾರೆ. ಸೂರ್ಯ ಮುಳುಗದ ಆ ಬೇಸಗೆಯಲ್ಲಿ ಕೆಲಸ ನಿಲ್ಲಿಸೆಂದು ಹೇಳಲು ಕತ್ತಲೆಯಿಲ್ಲ. ಹಿಮಕರಡಿಯ ಭಯದಿಂದ ಬಂದೂಕು ಮಾತ್ರ ಜೊತೆಗಿರಲೇಬೇಕು.

ಓಲೆಗರಿಯಲ್ಲಿ ಅಕ್ಷರವೊಂದು ಹುಳುವಿನ ಪಾಲಾಗಿದ್ದರೆ ನಾವೂ ಮಾತ್ರೆಗಳನ್ನು ಎಣಿಸುತ್ತೇವೆ. ಪಾದದಲ್ಲಿ ಒಂದು ಕಡಿಮೆ ಬಂತೆಂದರೆ ಅಲ್ಲಿ ಏನೋ ಕಳೆದಿದೆ. ಏನು ಕಳೆದಿದೆಯೆಂಬುದನ್ನು ಮಾತ್ರ ಎಣಿಕೆ ಹೇಳದು. ಬೇರೆ ಪ್ರತಿಗಳನ್ನು ನೋಡಬೇಕು. ಇವರ ಇನ್ನೊಂದು ಪ್ರತಿಯೆಂದರೆ ಕಾಂತಮಾಪನ. ಕುಳಿಯ ನಟ್ಟನಡುವೆ ಭೂಮಿಯ ಕಾಂತತ್ವ ಸುತ್ತಲಿಗಿಂತ ಮಿಗಿಲಾಗಿದೆ. ಆಳದಿಂದ ಮೇಲೆದ್ದು ಬಂದ ಶಿಲೆಯೊಡನೆ, ಆಘಾತದ ಕಾವಿಗೆ ಕುದಿದ ನೀರು ಕಲ್ಲಿನಲ್ಲಿ ಮಾಡಿದ ಮಾರ್ಪಾಟನ್ನೂ ಇದಕ್ಕೆ ಕಾರಣವೆಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ವಿಚಾರಿಸಿತು.

1997ರಿಂದ ಇಲ್ಲಿ ನಾಸಾದ ನೆರವಿನಿಂದ ಮಂಗಳಗ್ರಹದ ಯಾನಕ್ಕೆ ಅಭ್ಯಾಸಗಳು ನಡೆದಿವೆ. ಪತ್ರಿಕೆಗಳಿಗೆ ಆ ಸುದ್ದಿಯೇ ಪ್ರಿಯ. ನನಗೇನೋ ಮಂಗಳದ ನೆಪವಿಲ್ಲದೆಯೂ ಡೆವನ್ ಸಾಕೆನಿಸುತ್ತದೆ.

ಕುಳಿಯ ವಯಸ್ಸು ಇನ್ನೊಂದು ಸ್ವಾರಸ್ಯ. 1988ರಲ್ಲಿ 23 ದಶಲಕ್ಷ ವರ್ಷವೆಂದರು. 2005ರಲ್ಲಿ 39 ಎಂದರು. 2021ರಲ್ಲಿ 31ಕ್ಕೆ ಬಂದು ನಿಂತರು. ಕವಿಕಾಲನಿರ್ಣಯದಲ್ಲಿ ಒಂದು ಶತಮಾನ ಆಚೀಚೆಯಾಯಿತೆಂದು ಜಗಳವಾಡುವ ನಮ್ಮ ಪಂಡಿತರು ಇದನ್ನು ಕೇಳಿ ಒಮ್ಮೆಯಾದರೂ ನಕ್ಕಾರು.