ನೀರು ತೋರಿದ ದಾರಿ

ನಮ್ಮಲ್ಲಿ ಆಷಾಢದ ಗಾಳಿ ಬೀಸುವ ದಿನಗಳಲ್ಲಿ ಆಸ್ಟ್ರೇಲಿಯದಲ್ಲಿ ಚಳಿಗಾಲ. ಶಾಲೆಗಳಿಗೆ ರಜೆ ಬಿಟ್ಟೊಡನೆ, ಮಾಡಿನ ಮೇಲೆ ಡೇರೆಯನ್ನೂ ಬೆನ್ನಿಗೆ ಎರಡೆರಡು ಸ್ಟೆಪ್ನಿಗಳನ್ನೂ ಒಳಗೆ ನೀರಿನ ಕ್ಯಾನುಗಳನ್ನೂ ಅಕ್ಕಿ-ಬ್ರೆಡ್ಡುಗಳ ಪೆಟ್ಟಿಗೆಗಳನ್ನೂ, ಇವೆಲ್ಲದರ ನಡುವೆ ಹೇಗೋ ಮಕ್ಕಳನ್ನೂ ತುಂಬಿಕೊಂಡ ವಾಹನಗಳು ಅಡಿಲೇಡ್ ನಗರದಿಂದ ಉತ್ತರಾಭಿಮುಖವಾಗಿ ಹೊರಡುತ್ತವೆ. ಅವುಗಳಲ್ಲಿ ಹಲವು ಹುಡುಕಿಕೊಂಡು ಹೋಗುವುದು ಊಡ್ನಡಾಟ ಟ್ರ್ಯಾಕ್ ಎಂಬ ಮಣ್ಣುದಾರಿಯನ್ನು. ಮರೀ ಎಂಬ ಸಣ್ಣ ಊರಿನಲ್ಲಿ ಮೊದಲುಗೊಂಡು, ವಿಲಿಯಂ ಕ್ರೀಕ್ ಮತ್ತು ಊಡ್ನಡಾಟಗಳನ್ನು ಹಾಯ್ದು, ಮಾರ್ಲದ ಬಳಿ ಡಾಂಬರು ಹೆದ್ದಾರಿಯನ್ನು ಕೂಡಿಕೊಳ್ಳುವ ಈ ದಾರಿಯ ಉದ್ದ ಸುಮಾರು 620 ಕಿಲೋಮೀಟರು. ಊರೆಂಬುದು ಕಾಣಸಿಗುವುದು ಇನ್ನೂರು ಕಿಲೋಮೀಟರಿಗೊಂದು. ಅದೂ ಹೆಸರಿಗೆ ಮಾತ್ರ ಊರು.

ನಕ್ಷೆಯನ್ನು ಮುಂದಿಟ್ಟುಕೊಂಡು ನೋಡಿದವರಿಗೆ ಈ ದಾರಿಯ ವಿಷಯದಲ್ಲಿ ಒಂದು ಸಂದೇಹ ಮೂಡದಿರದು. ಬೆಟ್ಟವಿಲ್ಲದ, ಕಾಡಿಲ್ಲದ, ವರ್ಷದ ಬಹುಭಾಗ ನೀರು ಹರಿಯುವ ಹೊಳೆಯೊಂದೂ ಇಲ್ಲದ ಸಪಾಟು ಸೀಮೆಯಲ್ಲಿ ದಾರಿ ಹಾಕುವವನು ಸೂತ್ರ ಹಿಡಿದಂತೆ ನೆಟ್ಟಗೆ ಹಾಕಬೇಕಷ್ಟೆ? ಇದಾದರೋ ಕಾಟಿ ತಂಡ-ಲೇಕ್ ಐರ್ ಎಂಬ ಮಹಾ ಉಪ್ಪಿನ ಸರೋವರದ ದಕ್ಷಿಣವನ್ನೂ ಪಶ್ಚಿಮವನ್ನೂ ಬಳಸಿಕೊಂಡು ಬಿಲ್ಲಿನಂತೆ ಬಾಗುತ್ತದೆ. ಈ ಬಾಗು ಯಾವ ಇಂಜಿನಿಯರನ ಕಲ್ಪನೆಯೂ ಅಲ್ಲ, ಯಾವ ಸರ್ಕಾರದ ಆಜ್ಞೆಯೂ ಅಲ್ಲ. ಅದನ್ನು ಗೊತ್ತುಮಾಡಿದುದು ನೆಲದಡಿಯ ನೀರು.

ಆಸ್ಟ್ರೇಲಿಯ ಖಂಡದ ಐದನೆಯ ಒಂದು ಪಾಲಿಗೂ ಮಿಗಿಲಾಗಿ, 17 ಲಕ್ಷ ಚದರ ಕಿಲೋಮೀಟರುಗಳಷ್ಟು ವಿಸ್ತಾರಕ್ಕೆ, ಗ್ರೇಟ್ ಆರ್ಟೀಸಿಯನ್ ಬೇಸಿನ್ ಎಂಬ ಅಂತರ್ಜಲದ ಭಂಡಾರವು ಹಬ್ಬಿಕೊಂಡಿದೆ. ಪೂರ್ವದ ಪರ್ವತಶ್ರೇಣಿಯ ಮೇಲೆ ಬಿದ್ದ ಮಳೆ ಮರಳುಗಲ್ಲಿನ ಪದರಗಳೊಳಗೆ ಇಂಗಿ, ಮೇಲೆ ಕವಿದ ಬಿಗಿಯಾದ ಶಿಲೆಯ ಒತ್ತಡಕ್ಕೆ ಸಿಕ್ಕಿ, ವರ್ಷಕ್ಕೆ ಕೆಲವೇ ಮೀಟರುಗಳಷ್ಟು ಮಂದಗತಿಯಲ್ಲಿ ಪಶ್ಚಿಮಕ್ಕೆ ಸರಿಯುತ್ತ ಬಂದು, ಭಂಡಾರದ ನೈಋತ್ಯದ ಅಂಚಿನಲ್ಲಿ ಶಿಲೆ ಬಿರುಕುಬಿಟ್ಟಲ್ಲಿ ಬುಗ್ಗೆಗಳಾಗಿ ಮೇಲಕ್ಕೇಳುತ್ತದೆ. ಇಲ್ಲಿ ಹೊರಬೀಳುವ ನೀರಿನಲ್ಲಿ ಹತ್ತು ಲಕ್ಷ ವರ್ಷಗಳಿಗೂ ಹಳೆಯದಾದ ಪಾಲುಂಟು. ಆ ನೀರು ಹೊತ್ತು ತಂದ ಸುಣ್ಣವೂ ಗಾಳಿ ತಂದ ಮರಳೂ ಅಂಚಿನ ಜೊಂಡಿನ ಬೇರುಗಳಲ್ಲಿ ಸಿಕ್ಕಿ ಗಟ್ಟಿಯಾಗಿ, ಕಾಲಕ್ರಮದಲ್ಲಿ ಬುಗ್ಗೆಯ ಸುತ್ತ ದಿಬ್ಬವೇ ಬೆಳೆಯುತ್ತದೆ. ನೀರು ದಿಬ್ಬದ ನೆತ್ತಿಯಲ್ಲಿ ನಿಲ್ಲುತ್ತದೆ. ಇಂತಹ ದಿಬ್ಬದ ಬುಗ್ಗೆಗಳು ಸರೋವರದ ಪಕ್ಕದಲ್ಲಿ ಸಾಲುಗಟ್ಟಿವೆ. ಆ ಸಾಲೇ ಈ ದಾರಿ.

ದಾರಿಯ ಬದಿಯ ಕೌವರ್ಡ್ ಸ್ಪ್ರಿಂಗ್ಸ್ ಎಂಬ ತಾಣಕ್ಕೆ ಸಮೀಪದಲ್ಲಿ, ವಬ್ಮ ಕಡರ್ಬು ಸಂರಕ್ಷಿತ ಪ್ರದೇಶದಲ್ಲಿ, ಬಬ್ಲರ್ ಎಂಬ ಬುಗ್ಗೆಯುಂಟು. ಮರದ ಹಲಗೆಯ ಕಾಲುದಾರಿಯ ಮೇಲೆ ನಿಂತು ಬಗ್ಗಿ ನೋಡಿದರೆ, ತಿಳಿನೀರಿನ ತಳದಲ್ಲಿ ಬೂದುಬಣ್ಣದ ನುಣ್ಣನೆಯ ಮರಳು ಅನ್ನದ ಎಸರಿನಂತೆ ಮೆಲ್ಲನೆ ಉಬ್ಬುತ್ತದೆ, ತುಸು ನಿಲ್ಲುತ್ತದೆ, ಬಳಿಕ ಒಂದು ಗುಳ್ಳೆ ಬಿರಿದು ಮೇಲೆ ಉಂಗುರ ಮೂಡಿ ಅಂಚಿನವರೆಗೆ ಹರಡಿ ಅಳಿದುಹೋಗುತ್ತದೆ, ಮರಳು ಕುಸಿಯುತ್ತದೆ, ಮತ್ತೆ ಇನ್ನೊಂದು ಕಡೆಯಲ್ಲಿ ಉಬ್ಬುತ್ತದೆ. ತುಂಬಿ ಚೆಲ್ಲಿದ ನೀರು ಸಣ್ಣ ಕಾಲುವೆಯಾಗಿ ಹರಿದು, ಜೊಂಡನ್ನು ಬೆಳೆಸಿ, ಸ್ವಲ್ಪ ದೂರದಲ್ಲಿ ನೆಲಕ್ಕೆ ಇಂಗಿ ಮುಗಿಯುತ್ತದೆ. ಅಲ್ಲಿಂದಾಚೆಗೆ ದಿಗಂತದವರೆಗೆ ಕಲ್ಲು, ಉಪ್ಪು, ಬಿಸಿಲು.

ಈ ನೀರನ್ನು ಮೊದಲು ಬಲ್ಲವರು ಅರಬಾನ ಮತ್ತು ಕುಯಾನಿ ಜನರು. ಅವರ ಪುರಾಣದಲ್ಲಿ ಪೂರ್ವಿಕನೊಬ್ಬನು ಮಹಾಸರ್ಪವೊಂದನ್ನು ಬೆನ್ನಟ್ಟಿ ಬಂದು ಇಲ್ಲಿ ಕೊಂದನು. ಸರ್ಪವು ಹೊರಳಾಡಿದ ಎಡೆಯೇ ಬಬ್ಲರ್. ಅದನ್ನು ಬೇಯಿಸಿದ ಒಲೆ ಪಕ್ಕದ ಬ್ಲಾಂಚ್ ಕಪ್ ಬುಗ್ಗೆ. ಅವನು ತೆಗೆದೆಸೆದ ತಲೆ ಅನತಿ ದೂರದ, ಈಗ ಬತ್ತಿಹೋಗಿರುವ ಹ್ಯಾಮಿಲ್ಟನ್ ದಿಬ್ಬ. ಕಥೆಯನ್ನು ಕಥೆಯೆಂದು ಕೇಳಿ ಬಿಡುವವರು ಒಂದನ್ನು ಗಮನಿಸಬೇಕು. ಯಾವ ನೀರಾದ ಮೇಲೆ ಯಾವ ನೀರು, ಎಲ್ಲಿ ಜೀವಂತ ಬುಗ್ಗೆ, ಎಲ್ಲಿ ಬತ್ತಿದ್ದು ಎಂಬುದು ಕಾಗದವಿಲ್ಲದ ಸಮಾಜದಲ್ಲಿ ಮರೆಯಬಾರದ ವಿದ್ಯೆ. ಅದನ್ನು ಮಕ್ಕಳ ಬಾಯಲ್ಲಿ ನಿಲ್ಲಿಸಿದುದು ಇಂತಹ ಕಥೆಗಳು. ಈ ವಿದ್ಯೆಯನ್ನು ನೆಚ್ಚಿಕೊಂಡೇ ಸರೋವರ ಪ್ರಾಂತದ ಗಂಡಸರ ತಂಡಗಳು ನೂರಾರು ಕಿಲೋಮೀಟರು ನಡೆದು, ದಕ್ಷಿಣದ ಫ್ಲಿಂಡರ್ಸ್ ಬೆಟ್ಟಗಳ ಗಣಿಯಿಂದ ವಿಧಿಗಳಿಗೆ ಬೇಕಾದ ಕೆಮ್ಮಣ್ಣನ್ನು ಹೊತ್ತು ತರುತ್ತಿದ್ದುವು. ದಾರಿಯ ಆದ್ಯ ಪಥಿಕರು ಇವರು.

ಬಿಳಿಯರು ಬಂದುದು ತೀರ ಈಚೆಗೆ. 1858ರಲ್ಲಿ ಪೀಟರ್ ಎಗರ್ಟನ್ ವಾರ್ಬರ್ಟನ್ ಈ ಸಾಲಿನ ಕೆಲವು ಬುಗ್ಗೆಗಳನ್ನು ಕಂಡು, ತನ್ನ ತಂಡದ ಪೊಲೀಸಿನವನೊಬ್ಬನ ಹೆಸರನ್ನು ಒಂದಕ್ಕೆ ಇಟ್ಟನು. ಅದು ಕೌವರ್ಡ್ ಸ್ಪ್ರಿಂಗ್ಸ್. ಅವನ ಬೆನ್ನಿಗೇ ಬಂದ ಜಾನ್ ಮಕ್ಡೂವಲ್ ಸ್ಟುವರ್ಟ್ ಎಂಬ ಸ್ಕಾಟ್ಲೆಂಡಿನ ಭೂಮಾಪಕನು ಬುಗ್ಗೆಯಿಂದ ಬುಗ್ಗೆಗೆ ಹೆಜ್ಜೆ ಇಡುತ್ತ ಒಳನಾಡಿಗೆ ನುಗ್ಗುವ ಕ್ರಮವನ್ನು ಅರಿತುಕೊಂಡನು. ಎರಡು ಸಲ ಹಿಮ್ಮೆಟ್ಟಬೇಕಾಗಿ ಬಂದರೂ ಬಿಡದೆ, 1862ರ ಜುಲೈ 24ರಂದು ಉತ್ತರದ ಕಡಲನ್ನು ಮುಟ್ಟಿ, ಕಣ್ಣು ಮಂಜಾಗಿ, ರೋಗದಿಂದ ಕುದುರೆಯ ಮೇಲೆ ಕುಳಿತಿರಲಾರದೆ, ಎರಡು ಕುದುರೆಗಳ ನಡುವೆ ಕಟ್ಟಿದ ಡೋಲಿಯಲ್ಲಿ ಮಲಗಿ ಹಿಂದಿರುಗಿದನು. ಆದರೂ ಜೊತೆಗಾರರಲ್ಲಿ ಒಬ್ಬನನ್ನೂ ಕಳೆದುಕೊಳ್ಳಲಿಲ್ಲ. ಹೆಚ್ಚಿನ ಹಣದೊಡನೆ, ಹೆಚ್ಚಿನ ಸಂಭ್ರಮದೊಡನೆ ಮೆಲ್ಬರ್ನಿನಿಂದ ಹೊರಟ ಬರ್ಕ್ ಮತ್ತು ವಿಲ್ಸ್ ಅದರ ಹಿಂದಿನ ವರ್ಷವಷ್ಟೆ ಕೂಪರ್ ಕ್ರೀಕಿನ ದಡದಲ್ಲಿ ಹಸಿದು ಸತ್ತಿದ್ದರು. ಸ್ಟುವರ್ಟನ ಹಿರಿಮೆ ಧೈರ್ಯದಲ್ಲಿರುವುದಕ್ಕಿಂತ ಹೆಚ್ಚಾಗಿ ನೀರಿನ ಮಾತನ್ನು ಕೇಳಿದ ವಿನಯದಲ್ಲಿದೆ ಎಂದೇ ನನ್ನ ಭಾವನೆ.

ಅವನು ಸತ್ತು ನಾಲ್ಕು ವರ್ಷಗಳಾಗುವಷ್ಟರಲ್ಲಿ ಅವನ ಜಾಡಿನ ಮೇಲೆ ತಂತಿ ಬಂತು. ಚಾರ್ಲ್ಸ್ ಟಾಡ್ ಎಂಬ ಅಧಿಕಾರಿಯ ಆಡಳಿತದಲ್ಲಿ 1870ರಲ್ಲಿ ಆರಂಭವಾದ ಭೂತಂತಿ ಮಾರ್ಗವು, ಪೋರ್ಟ್ ಅಗಸ್ಟದಿಂದ ಡಾರ್ವಿನ್ನಿನವರೆಗೆ ಸುಮಾರು 3,200 ಕಿಲೋಮೀಟರು, ಮೂವತ್ತಾರು ಸಾವಿರದಷ್ಟು ಕಂಬಗಳು, 1872ರ ಆಗಸ್ಟ್ 22ರಂದು ಕೂಡಿಕೊಂಡಿತು. ಸಮುದ್ರದಡಿಯ ಕೇಬಲ್ ಅದಕ್ಕೆ ಸೇರಿದೊಡನೆ, ಹಡಗಿನಲ್ಲಿ ತಿಂಗಳುಗಟ್ಟಲೆ ಬರುತ್ತಿದ್ದ ಲಂಡನ್ನಿನ ಸುದ್ದಿ ಗಂಟೆಗಳಲ್ಲಿ ಬರತೊಡಗಿತು. ದೂರ ಹೋದಂತೆ ಸಂಕೇತವು ಕ್ಷೀಣಿಸುತ್ತಿದ್ದುದರಿಂದ ನಡುನಡುವೆ ಮನುಷ್ಯರು ಕುಳಿತು ಸುದ್ದಿಯನ್ನು ಕೇಳಿ ಮತ್ತೆ ಮುಂದಕ್ಕೆ ಬಡಿಯಬೇಕಾಗಿತ್ತು. ಮನುಷ್ಯನಿರಲು ನೀರು ಬೇಕು. ಆದುದರಿಂದ ಸ್ಟ್ರಾಂಗ್‌ವೇಸ್ ಸ್ಪ್ರಿಂಗ್ಸ್, ಪೀಕ್ ಮೊದಲಾದ ತಂತಿ ಠಾಣೆಗಳು ಬುಗ್ಗೆಗಳ ಬಳಿಯಲ್ಲೇ ಎದ್ದುವು. ಅವುಗಳ ಕಲ್ಲುಗೋಡೆಗಳು ಸೂರಿಲ್ಲದೆ ಇಂದಿಗೂ ನಿಂತಿವೆ.

ಕಂಬಗಳನ್ನೂ ಧಾನ್ಯವನ್ನೂ ಔಷಧವನ್ನೂ ಆ ನಡುನಾಡಿಗೆ ಸಾಗಿಸಿದವರು ಯಾರು? ಇಲ್ಲಿ ಭಾರತೀಯ ಓದುಗನು ಒಂದು ಕ್ಷಣ ನಿಲ್ಲಬೇಕು. 1866ರ ಹೊಸ ವರ್ಷದ ಸುಮಾರಿಗೆ, ಥಾಮಸ್ ಎಲ್ಡರ್ ಎಂಬ ಶ್ರೀಮಂತನಿಗಾಗಿ ಕರಾಚಿಯಿಂದ ಹೊರಟ ಹಡಗೊಂದು ನೂರಕ್ಕೂ ಮಿಕ್ಕ ಒಂಟೆಗಳನ್ನೂ ಅವುಗಳೊಡನೆ 31 ಮಂದಿ ಒಂಟೆಯಾಳುಗಳನ್ನೂ ಪೋರ್ಟ್ ಅಗಸ್ಟದಲ್ಲಿ ಇಳಿಸಿತು. ಮುಂದಿನ ಅರ್ಧ ಶತಮಾನದಲ್ಲಿ ಹೀಗೆ ಬಂದವರು ಬಹುಮಂದಿ. ಬಲೂಚಿಗಳು, ಪಂಜಾಬಿಗಳು, ಸಿಂಧಿಗಳು, ಕಾಶ್ಮೀರಿಗಳು, ಪಠಾಣರು, ಎಲ್ಲರಿಗೂ ಅಲ್ಲಿ ಒಂದೇ ಹೆಸರು: ಆಫ್ಘನ್ನರು. ಮರೀಯಲ್ಲಿ ಅವರದೇ ಕೇರಿ ಬೆಳೆಯಿತು. ಮಣ್ಣುಗೋಡೆಯ ಮಸೀದಿ ಎದ್ದಿತು, ಖರ್ಜೂರದ ಗಿಡಗಳನ್ನು ನೆಟ್ಟರು. ಊರಿನ ನಡುವೆ ರೈಲು ಹಳಿ ಬಂದಾಗ ಬಿಳಿಯರು ಹಳಿಯ ಒಂದು ಮಗ್ಗುಲಲ್ಲಿಯೂ, ಇವರೂ ಮೂಲನಿವಾಸಿಗಳೂ ಮತ್ತೊಂದು ಮಗ್ಗುಲಲ್ಲಿಯೂ ಇರಬೇಕಾಯಿತು. ಬಲೂಚಿಸ್ತಾನದಲ್ಲಿ ಹುಟ್ಟಿ, ಭಾರತದ ಸೇನೆಯಲ್ಲಿ ದುಡಿದು ಬಂದ ಬೇಜಾ ದರ್ವೇಶ್ ಎಂಬಾತನು 1896ರ ಕ್ಯಾಲ್ವರ್ಟ್ ಅನ್ವೇಷಣೆಯಲ್ಲಿ ಮರುಭೂಮಿಯ ನಡುವೆ ತೋರಿದ ನಿಷ್ಠೆಗೆ ಮೆಚ್ಚಿ, ತಂಡದ ನಾಯಕ ಲಾರೆನ್ಸ್ ವೆಲ್ಸ್ ತನ್ನ ದಿಕ್ಸೂಚಿಯನ್ನೇ ಅವನಿಗೆ ಕೊಟ್ಟನು. ಬೇಜಾ ಮರೀಯಲ್ಲಿಯೇ ಖರ್ಜೂರ ಬೆಳೆಯುತ್ತ ಬಾಳಿ 1957ರಲ್ಲಿ ತೀರಿಕೊಂಡನು. ಇವರ ಋಣವನ್ನು ಆ ದೇಶ ತೀರಿಸಿದ ಬಗೆ ಮಾತ್ರ ಮನಸ್ಸಿಗೆ ನೋವು ತರುವಂಥದು. ಲಾರಿಗಳು ಬಂದು ಒಂಟೆಗಳು ಬೇಡವಾದಾಗ, 1925ರಲ್ಲಿ ದಕ್ಷಿಣ ಆಸ್ಟ್ರೇಲಿಯ ಸರ್ಕಾರವು ಒಂಟೆಗಳನ್ನು ಕೊಲ್ಲಲು ಅವಕಾಶ ಕೊಡುವ ಕಾನೂನನ್ನೇ ಮಾಡಿತು. ಜೀವಮಾನವೆಲ್ಲ ಜೊತೆಗೆ ನಡೆದ ಪ್ರಾಣಿಗೆ ಗುಂಡಿಡಲಾರದೆ ಎಷ್ಟೋ ಮಂದಿ ಹಗ್ಗ ಬಿಚ್ಚಿ ಬಯಲಿಗೆ ಬಿಟ್ಟರು. ಇಂದು ಆ ಸೀಮೆಯಲ್ಲಿ ಕಾಣುವ ಕಾಡು ಒಂಟೆಗಳು ಅವುಗಳ ಸಂತಾನ.

ರೈಲಿನ ಕಥೆಯನ್ನು ಬೇಗ ಹೇಳಬಹುದು. 1878ರಲ್ಲಿ ಪೋರ್ಟ್ ಅಗಸ್ಟದಲ್ಲಿ ಮೊದಲಾದ ಸಣ್ಣ ಅಳತೆಯ ಹಳಿ 1884ರಲ್ಲಿ ಮರೀಯನ್ನೂ 1891ರಲ್ಲಿ ಊಡ್ನಡಾಟವನ್ನೂ ಮುಟ್ಟಿ, ಅಲ್ಲಿಯೇ ಮೂರು ದಶಕಗಳಿಗೂ ಹೆಚ್ಚು ಕಾಲ ನಿಂತು, 1929ರಲ್ಲಿ ಆಲಿಸ್ ಸ್ಪ್ರಿಂಗ್ಸನ್ನು ಸೇರಿತು. ಉಗಿಯಂತ್ರವೂ ಮನುಷ್ಯನಂತೆ ನೀರು ಕುಡಿಯುವ ಪ್ರಾಣಿಯಾದುದರಿಂದ ಅದಕ್ಕೂ ಬುಗ್ಗೆಗಳ ಸಾಲೇ ಗತಿಯಾಯಿತು. ಆಫ್ಘನ್ನರ ನೆನಪಿನಲ್ಲಿ ಆ ಗಾಡಿಗೆ ಘಾನ್ ಎಂಬ ಹೆಸರು ಬಂದಿತೆಂಬುದು ಜನರ ನಂಬಿಕೆ. ವರ್ಷಗಟ್ಟಲೆ ಒಣಗಿರುವ ಹೊಳೆಗಳು ಒಂದೇ ಮಳೆಗೆ ಉಕ್ಕಿ ಹಳಿಗಳನ್ನು ಕೊಚ್ಚಿಕೊಂಡು ಹೋಗುತ್ತಿದ್ದುವು. ಪ್ರಯಾಣಿಕರು ದಿನಗಟ್ಟಲೆ, ಒಮ್ಮೊಮ್ಮೆ ವಾರಗಟ್ಟಲೆ ನಡುಬಯಲಿನಲ್ಲಿ ಕಾಯುತ್ತಿದ್ದರು. ಕೊನೆಗೆ ಬಹಳ ಪಶ್ಚಿಮಕ್ಕೆ, ನೆರೆ ಮುಟ್ಟದ ಕಡೆ ಹೊಸ ಹಳಿ ಹಾಕಿ, 1980ರಲ್ಲಿ ಹಳೆಯದನ್ನು ಮುಚ್ಚಿದರು. ನೀಲ್ಸ್ ಹೊಳೆಯ ಮೇಲಿನ, 19 ಅಂಕಣಗಳ ಆಲ್ಜಿಬಕಿನ ಕಬ್ಬಿಣದ ಸೇತುವೆಯೊಂದು ತನ್ನ ಕೆಲಸ ಮುಗಿದರೂ ಅಲ್ಲಿಯೇ ಉಳಿದಿದೆ. ಅದರ ಅಡಿಯ ಮಡುವಿನ ಪಕ್ಕದಲ್ಲಿ ಪ್ರವಾಸಿಗಳು ಬಿಡಾರ ಹೂಡುತ್ತಾರೆ.

ರೈಲು ಹೋದ ಮೇಲೆ ಊಡ್ನಡಾಟ ಅಳಿದುಹೋಗಬೇಕಾಗಿತ್ತು. ಉಳಿದುದರಲ್ಲಿ ಆಡಂ ಮತ್ತು ಲಿನ್ನಿ ಪ್ಲೇಟ್ ದಂಪತಿಗಳ ಪಾತ್ರ ಹಿರಿದು. 1970ರ ದಶಕದಲ್ಲಿ ಅಲ್ಲಿಗೆ ಬಂದು ನೆಲೆಸಿದ ಇವರು ತಮ್ಮ ಅಂಗಡಿ-ಹೋಟೆಲಿಗೆ ಗುಲಾಬಿ ಬಣ್ಣ ಬಳಿದು, ಹಳಿಯ ಪಕ್ಕದ ಜಾಡಿಗೆ ಊಡ್ನಡಾಟ ಟ್ರ್ಯಾಕ್ ಎಂಬ ಹೆಸರನ್ನು ರೂಢಿಗೆ ತಂದು, ಅಲ್ಲಲ್ಲಿ ಕೈಯಾರೆ ಬರೆದ ಫಲಕಗಳನ್ನು ನೆಟ್ಟು, ಬಂದವರಿಗೆಲ್ಲ ಕೈನಕ್ಷೆ ಬರೆದುಕೊಟ್ಟರು. ಮನೆಮಂದಿಯೊಡನೆ ಹೋಗಬಹುದಾದ ದಾರಿ ಇದು ಎಂಬ ಧೈರ್ಯವನ್ನು ನಗರದ ಜನರಲ್ಲಿ ಹುಟ್ಟಿಸಿದುದು ಈ ಫಲಕಗಳೇ. ಆಡಂ 2012ರಲ್ಲಿ ಗತಿಸಿದರು.

ಹೋಗಬಹುದೆಂದ ಮಾತ್ರಕ್ಕೆ ಎಚ್ಚರ ತಪ್ಪುವ ಹಾಗಿಲ್ಲ. 1960ರ ಜನವರಿ 2ರಂದು ಊಡ್ನಡಾಟದಲ್ಲಿ ದಾಖಲಾದ 50.7 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ತಾಪ ಆಸ್ಟ್ರೇಲಿಯದಲ್ಲಿ ಇನ್ನೆಲ್ಲಿಯೂ ದಾಖಲಾಗಿಲ್ಲ. ಬೇಸಗೆಯಲ್ಲಿ ಬಲ್ಲವರು ಅತ್ತ ಸುಳಿಯುವುದಿಲ್ಲ. ಮಳೆ ಬಿದ್ದರೆ ದಾರಿಯನ್ನು ಮುಚ್ಚುತ್ತಾರೆ. ಮುಚ್ಚಿದ ದಾರಿಯಲ್ಲಿ ವಾಹನ ಬಿಟ್ಟವರಿಗೆ ಭಾರಿ ದಂಡ. ಚೂಪುಗಲ್ಲಿನ ಮೇಲೆ ಪಂಕ್ಚರ್ ಆಗದಿರಲೆಂದು ಟೈರುಗಳ ಗಾಳಿಯನ್ನು ತುಸು ಇಳಿಸಿಕೊಂಡು, ಎದುರಿನ ವಾಹನ ಎಬ್ಬಿಸಿದ ಕೆಂಧೂಳು ಇಳಿಯುವವರೆಗೆ ಬದಿಗೆ ನಿಂತು, ನೀರನ್ನು ಆಳಿಗಿಷ್ಟು ಎಂದು ಲೆಕ್ಕ ಹಾಕಿಕೊಂಡು ಸಾಗುವ ಈ ಪ್ರಯಾಣದಲ್ಲಿ ಮಕ್ಕಳು ತಾವಾಗಿಯೇ ಕಲಿಯುವುದು ಬಹಳ. ಸಂಜೆಗೆ ಕೌವರ್ಡ್ ಸ್ಪ್ರಿಂಗ್ಸಿನ ಬಿಡಾರ. ಅಲ್ಲಿ 1886ರಲ್ಲಿ ರೈಲಿಗಾಗಿ ಕೊರೆದ ಕೊಳವೆಬಾವಿಯ ನೀರು ಹರಿದು ಹರಿದು ಒಂದು ಜೌಗುನೆಲವನ್ನೇ ಸೃಷ್ಟಿಸಿದೆ. ಸ್ಲೀಪರ್ ಮರದಿಂದ ಕಟ್ಟಿದ ಪುಟ್ಟ ತೊಟ್ಟಿಯಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ಹೊರಳುತ್ತಿರುತ್ತದೆ. ಮಕ್ಕಳು ಧೂಳು ತೊಳೆದುಕೊಳ್ಳಲು ಇಳಿದವರು ಹೊರಗೆ ಬರಲೊಲ್ಲರು. ಪಕ್ಕದಲ್ಲಿ ಹಳೆಯ ಖರ್ಜೂರದ ಮರಗಳು; ಒಲೆಯ ಬಳಿ ಅಡುಗೆಗೆ ಕುಳಿತ ತಾಯಂದಿರು; ಡೇರೆಯ ಗೂಟ ಬಡಿಯುವ ಸದ್ದು.

ಆದರೆ ಆ ನೀರು ಅಕ್ಷಯವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ದನ ಸಾಕುವವರು ಕೊರೆದ ಸಾವಿರಾರು ಕೊಳವೆಬಾವಿಗಳು ತಡೆಯಿಲ್ಲದೆ ಹರಿದುದರಿಂದ ಭಂಡಾರದ ಒತ್ತಡ ತಗ್ಗಿತು, ಎಷ್ಟೋ ಬುಗ್ಗೆಗಳು ಸೊರಗಿದುವು, ಕೆಲವು ಸತ್ತುವು. ಕೌವರ್ಡ್ ಸ್ಪ್ರಿಂಗ್ಸಿನ ಬಾವಿಯನ್ನು 1993ರಲ್ಲಿ ಸರಿಪಡಿಸಿ ಹರಿವನ್ನು ಹತೋಟಿಗೆ ತಂದರು. 1999ರಿಂದೀಚೆಗೆ ಸರ್ಕಾರಗಳು ಹಣವಿಟ್ಟು ನೂರಾರು ಬಾವಿಗಳ ಬಾಯಿಗೆ ಮುಚ್ಚಳ ಹಾಕಿಸಿದ ಮೇಲೆ ಕೆಲವೆಡೆ ಒತ್ತಡ ಮತ್ತೆ ಏರಿದೆ. ದಕ್ಷಿಣದಲ್ಲಿರುವ ಒಲಿಂಪಿಕ್ ಡ್ಯಾಮ್ ಎಂಬ ತಾಮ್ರ-ಯುರೇನಿಯಂ ಗಣಿಯು 1980ರ ದಶಕದಿಂದ ಇದೇ ಭಂಡಾರದ ನೀರನ್ನು ಎತ್ತುತ್ತಿದ್ದು, ಅರಬಾನ ಜನರು ಅದರ ವಿರುದ್ಧ ದನಿಯೆತ್ತುತ್ತಲೇ ಬಂದಿದ್ದಾರೆ. ಅವರ ದನಿಗೆ ಕಾನೂನಿನ ಬಲ ಬಂದುದು 2012ರಲ್ಲಿ. ಆ ವರ್ಷ ನ್ಯಾಯಾಲಯವು ಈ ನೆಲದ ಮೇಲಿನ ಅವರ ಪಾರಂಪರಿಕ ಹಕ್ಕನ್ನು ಮನ್ನಿಸಿತು, ಸರೋವರಕ್ಕೂ ಅವರ ಮಾತಿನ ಹೆಸರು ಅಧಿಕೃತವಾಗಿ ಸೇರಿತು. ಸರೋವರದ ಉಪ್ಪಿನ ತಳವು ಅವರಿಗೆ ಪವಿತ್ರ; ಅದರ ಮೇಲೆ ಪ್ರವಾಸಿಗಳು ನಡೆದಾಡಬಾರದೆಂಬ ಅವರ ಕೋರಿಕೆಯನ್ನು ಈಚೆಗೆ ಸರ್ಕಾರವೂ ಒಪ್ಪಿ ನಿಯಮ ಮಾಡಿದೆ. ದಡದಲ್ಲಿ ನಿಂತು ನೋಡಲು ಅಡ್ಡಿಯಿಲ್ಲ. ಮೇಲಿನಿಂದ ನೋಡಬೇಕೆನ್ನುವವರಿಗೆ ವಿಲಿಯಂ ಕ್ರೀಕಿನಿಂದ ಪುಟ್ಟ ವಿಮಾನಗಳು ಹಾರುತ್ತವೆ. ನಡೆದಾಡಬಾರದೆಂಬ ನಿಯಮವನ್ನು ಆಕ್ಷೇಪಿಸಿದವರು ಇಲ್ಲದಿಲ್ಲ. ನನಗಂತೂ, ಈ ದಾರಿಯನ್ನು ಮೊದಲು ನಡೆದವರ ಮಾತು ಕೊನೆಗಾದರೂ ನಡೆಯಿತಲ್ಲ ಎಂಬ ಸಮಾಧಾನವೇ ದೊಡ್ಡದಾಗಿ ತೋರುತ್ತದೆ.