ಸಾಹಿತ್ಯ ಬಾರದವರ ಹಾಡು

‘ಸಾಹಿತ್ಯ ಬರಲ್ಲ ಅಂದ್ಮೇಲೆ ಯಾಕೆ ಹಾಡ್ತೀಯ? ಸುಮ್ನೆ ಕೇಳು!’ ಅಡುಗೆಮನೆಯಲ್ಲಿ ರೇಡಿಯೊ ಜೊತೆ ದನಿಗೂಡಿಸುವವರಿಗೆ, ಕಾರಿನ ಹಿಂದಿನ ಸೀಟಿನಲ್ಲಿ ಗುನುಗುವವರಿಗೆ ಈ ಮಾತು ತಪ್ಪಿದ್ದಲ್ಲ. ಹೇಳುವವರಿಗೆ ಇಡೀ ಹಾಡು ಬಾಯಿಪಾಠ ಇರುತ್ತದೆಂದಲ್ಲ. ಅವರು ಬಾಯಿ ಬಿಡುವುದಿಲ್ಲ, ಅಷ್ಟೆ. ಈ ಗದರಿಕೆಯ ಹಿಂದೆ ಕೆಲವು ನಂಬಿಕೆಗಳಿವೆ. ಹೆಚ್ಚಿನವು ಟೊಳ್ಳು.

ತಪ್ಪು ಕಲ್ಪನೆ: ಪದ ತಪ್ಪುವವರು ಹಾಡನ್ನು ಗಮನವಿಟ್ಟು ಕೇಳಿರುವುದಿಲ್ಲ.

ವಾಸ್ತವ: ಎಷ್ಟೇ ಗಮನವಿಟ್ಟರೂ ಹಾಡಿನ ಪದ ಮಾತಿನ ಪದದಷ್ಟು ನಿಚ್ಚಳವಾಗಿ ಕಿವಿಗೆ ಬೀಳುವುದಿಲ್ಲ. ‘ಮನ’, ‘ವನ’, ‘ಘನ’ ಬೇರೆ ಬೇರೆ ಎಂದು ತಿಳಿಯುವುದು ಮೊದಲ ವ್ಯಂಜನದಿಂದ. ಗಾಯಕರು ಎಳೆದು ಹಾಡುವುದಾದರೋ ಅಕಾರ, ಇಕಾರಗಳನ್ನು. ವ್ಯಂಜನ ಕ್ಷಣಾರ್ಧದಲ್ಲಿ ದಾಟಿಹೋಗುತ್ತದೆ. ಆ ಕ್ಷಣಕ್ಕೇ ತಬಲಾದ ಪೆಟ್ಟು ಬಿತ್ತೋ, ಮುಗಿಯಿತು. ದನಿ ತೀರಾ ಮೇಲಿನ ಸ್ಥಾಯಿಗೆ ಏರಿದಾಗ ‘ಇ’, ‘ಉ’, ‘ಎ’ಗಳ ನಡುವಿನ ವ್ಯತ್ಯಾಸವೂ ಅಳಿಸತೊಡಗುತ್ತದೆ. ಒಪೆರಾ ಗಾಯಕಿಯರ ತಾರಸ್ಥಾಯಿಯಲ್ಲಿ ಪದ ತಿಳಿಯದಿರುವುದು ಅದಕ್ಕೇ. ಅದು ಉಚ್ಚಾರದ ದೋಷವಲ್ಲ, ಧ್ವನಿಯ ಭೌತಶಾಸ್ತ್ರ.

ನಮ್ಮಲ್ಲಿ ಇದರ ಮೇಲೆ ಇನ್ನೊಂದು ತೊಡಕು ಸೇರುತ್ತದೆ. ಕನ್ನಡದಲ್ಲಿ ಸಂಧಿಯಾಗಿ ಪದಕ್ಕೆ ಪದ ಅಂಟಿಕೊಳ್ಳುತ್ತದೆ; ತಾಳ ಬಂದು ಅದನ್ನು ಬೇರೆಲ್ಲೋ ಒಡೆಯುತ್ತದೆ. ಅರ್ಧ ಪದ ಈ ಆವರ್ತದಲ್ಲಿ, ಉಳಿದರ್ಧ ಉಸಿರು ತೆಗೆದುಕೊಂಡ ಮೇಲೆ. ಕೇಳುಗರು ಸಿಕ್ಕ ಚೂರುಗಳನ್ನು ತಮಗೆ ಗೊತ್ತಿರುವ ಪದವಾಗಿ ಜೋಡಿಸಿಕೊಳ್ಳುತ್ತಾರೆ. ಗಮನ ಇಲ್ಲದವರು ಇಷ್ಟು ಕೆಲಸ ಮಾಡುವುದೇ ಇಲ್ಲ.

ಜೊತೆಗೆ ಲೆಕ್ಕಾಚಾರ ನೋಡಿ: ಪಲ್ಲವಿ ಮತ್ತೆ ಮತ್ತೆ ಬರುತ್ತದೆ, ಪ್ರತಿ ಚರಣ ಸಾಮಾನ್ಯವಾಗಿ ಒಂದೇ ಸಲ. ಪ್ರವಾಸದ ಬಸ್ಸಿನಲ್ಲಿ ಪಲ್ಲವಿಗೆ ಐವತ್ತು ಗಂಟಲು, ಎರಡನೆಯ ಚರಣಕ್ಕೆ ಎರಡು.

ತಪ್ಪು ಕಲ್ಪನೆ: ಭಾಷೆ ಬಂದವರಷ್ಟೇ ಹಾಡಬೇಕು.

ವಾಸ್ತವ: ಹಾಗಿದ್ದರೆ ಕನ್ನಡ ಚಿತ್ರಗೀತೆಗಳ ಗತಿಯೇನು? ಡಾ. ರಾಜ್‌ಕುಮಾರ್ ಅವರಿಗೆ ವರ್ಷಗಟ್ಟಲೆ ದನಿಯಾದ ಪಿ.ಬಿ. ಶ್ರೀನಿವಾಸ್ ಹುಟ್ಟಿದ್ದು ಆಂಧ್ರದ ಕಾಕಿನಾಡದಲ್ಲಿ. ಎಸ್. ಜಾನಕಿ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಮನೆಮಾತು ತೆಲುಗು, ವಾಣಿ ಜಯರಾಂ ವೆಲ್ಲೂರಿನ ತಮಿಳರು, ಯೇಸುದಾಸ್ ಮಲಯಾಳಿ. ಕರ್ನಾಟಕ ಸಂಗೀತದಲ್ಲಂತೂ ಇದೇ ರೂಢಿ. ಚೆನ್ನೈನ ಮಗು ಆರಂಭದ ಪಾಠಗಳಲ್ಲೇ ಪುರಂದರದಾಸರ ಗೀತೆಗಳನ್ನು ಹಾಡುತ್ತದೆ, ಮೈಸೂರಿನ ಮಗು ತ್ಯಾಗರಾಜರ ತೆಲುಗು ಕೃತಿಗಳನ್ನು ಕಲಿಯುತ್ತದೆ. ತಮಿಳು ಲಿಪಿಯಲ್ಲಿ ಕ, ಖ, ಗ, ಘಗಳಿಗೆ ಒಂದೇ ಅಕ್ಷರವಾದ್ದರಿಂದ, ಅಲ್ಲಿನ ಸಂಗೀತ ಪುಸ್ತಕಗಳು ಅಕ್ಷರದ ಪಕ್ಕದಲ್ಲಿ 2, 3, 4 ಎಂದು ಸಣ್ಣ ಅಂಕಿ ಹಾಕಿ ಉಚ್ಚಾರ ತೋರಿಸುತ್ತವೆ. ಕೊರತೆ ತುಂಬಲು ಪಟ್ಟ ಈ ಶ್ರಮವನ್ನು ಮರೆಯಬಾರದು. ವೇದಿಕೆ ಹತ್ತುವವರಿಗೆ ಅದು ಬೇಕೇ ಬೇಕು. ಮೈಕ್ ಕೈಯಲ್ಲಿ ಹಿಡಿದು ಕವಿಯ ಸಾಲನ್ನು ಮುರಿಯುವವರ ಪರವಾಗಿ ನಾನು ವಾದಿಸಲಾರೆ. ಆದರೆ ಬಟ್ಟೆ ಒಗೆಯುತ್ತ ಹಾಡುವವರಿಗೆ ಅದೇ ಕಟ್ಟುಪಾಡು ಹಾಕುವುದು ದಬ್ಬಾಳಿಕೆ.

ತಪ್ಪು ಕಲ್ಪನೆ: ಅರ್ಥವಿಲ್ಲದ ‘ಲಾ ಲಾ ಲಾ’ ಹಾಡೇ ಅಲ್ಲ.

ವಾಸ್ತವ: ತಿಲ್ಲಾನ ಮತ್ತು ತರಾನಾ ಬಹುಮಟ್ಟಿಗೆ ಇಂಥ ಅಕ್ಷರಗಳಿಂದಲೇ ಆದವು, ರಾಗಾಲಾಪನೆಗಂತೂ ಸಾಹಿತ್ಯವೇ ಇಲ್ಲ. ಇಟಲಿಯ ಗಾಯಕ ಆಡ್ರಿಯಾನೊ ಚೆಲೆಂಟಾನೊ 1972ರಲ್ಲಿ, ಅಮೆರಿಕನ್ ಇಂಗ್ಲಿಷಿನಂತೆ ಕೇಳಿಸುವ ಆದರೆ ಹೆಚ್ಚುಕಡಿಮೆ ಏನೂ ಅರ್ಥವಿಲ್ಲದ ಹಾಡೊಂದನ್ನು ಹಾಡಿ ಗೆದ್ದ. ನಮ್ಮ ಜನಪದರು ಪದ ಬಾರದವರಿಗೆಂದೇ ಹಾಡಿನೊಳಗೆ ಜಾಗ ಇಟ್ಟಿದ್ದಾರೆ. ಸೋಬಾನೆಯಲ್ಲಿ ಒಬ್ಬಾಕೆ ಮುಂದೆ ಹೇಳಿದರೆ ಉಳಿದವರು ದನಿಗೂಡಿಸುತ್ತಾರೆ. ತುಳುನಾಡಿನ ನೇಜಿ (ಭತ್ತದ ಸಸಿ) ಗದ್ದೆಯಲ್ಲಿ ಪಾಡ್ದನವೆಂಬ ಕಥನಗೀತೆ ಗೊತ್ತಿರುವಾಕೆ ಸಾಲು ಎತ್ತಿಕೊಡುತ್ತಾಳೆ, ನೆಡುವ ಹೆಂಗಸರೆಲ್ಲ ಅದನ್ನೇ ಹಿಂದಿನಿಂದ ಹೇಳುತ್ತಾರೆ. ಇಡೀ ಪಾಡ್ದನ ಬರುವವರೇ ಹಾಡಬೇಕೆಂದು ಹಟ ಹಿಡಿದಿದ್ದರೆ ಗದ್ದೆಯಲ್ಲಿ ಮೌನವೇ ಗತಿಯಾಗುತ್ತಿತ್ತು.

ತಪ್ಪು ಕಲ್ಪನೆ: ರಾಷ್ಟ್ರಗೀತೆಯ ಪದ ಬಾರದೆ ಸುಮ್ಮನೆ ನಿಂತರೆ ಅಪರಾಧ.

ವಾಸ್ತವ: ಅಲ್ಲ. 1971ರ ಕಾನೂನು ಶಿಕ್ಷಿಸುವುದು ಹಾಡುವುದನ್ನು ಬೇಕೆಂದೇ ತಡೆಯುವವರನ್ನು, ಹಾಡುತ್ತಿರುವ ಸಭೆಗೆ ಅಡ್ಡಿಪಡಿಸುವವರನ್ನು. ಕೇರಳದ ಮೂವರು ಶಾಲಾಮಕ್ಕಳ ಪ್ರಕರಣದಲ್ಲಿ, ಗೌರವದಿಂದ ಎದ್ದು ನಿಂತು ಹಾಡದಿರುವುದು ಅಗೌರವವಲ್ಲ ಎಂದು ಸುಪ್ರೀಂ ಕೋರ್ಟ್ 1986ರಲ್ಲೇ ಹೇಳಿದೆ. ಆ ಮಕ್ಕಳು ಹಾಡದಿದ್ದುದು ಧಾರ್ಮಿಕ ನಂಬಿಕೆಯಿಂದ, ಮರೆವಿನಿಂದಲ್ಲ ಎಂಬುದು ನಿಜ.

ತಪ್ಪು ಕಲ್ಪನೆ: ಹಾಡಿನ ಪದ ಹೇಳಲು ತಡವರಿಸಿದರೆ ನೆನಪಿನ ಶಕ್ತಿ ಕುಂದಿದೆ ಎಂದರ್ಥ.

ವಾಸ್ತವ: ಹಾಡಿನ ಪದಗಳು ಹಾರದ ಹೂವಿನ ಹಾಗೆ ರಾಗದ ದಾರದಲ್ಲಿ ಪೋಣಿಸಿಕೊಂಡಿರುತ್ತವೆ. ದಾರ ಬಿಟ್ಟು ಹೂವನ್ನಷ್ಟೇ ಕೇಳಿದರೆ ಚೆಲ್ಲಾಪಿಲ್ಲಿ. ‘ಮೂರನೆಯ ಸಾಲು ಏನು ಹೇಳು’ ಎಂದರೆ ಯಾರಾದರೂ ಮೊದಲಿನಿಂದ ಗುನುಗಿಕೊಂಡೇ ಅಲ್ಲಿಗೆ ಬರಬೇಕು. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ಕೆಲವರು, ಒಂದು ವಾಕ್ಯ ಆಡಲಾಗದಿದ್ದರೂ, ಹಳೆಯ ಹಾಡನ್ನು ಪದಸಮೇತ ಹಾಡುತ್ತಾರೆ. ಇದನ್ನೇ ಆಧರಿಸಿ, ಮಾತನ್ನು ರಾಗದ ಏರಿಳಿತದಲ್ಲಿ ಮರಳಿ ಕಲಿಸುವ ಚಿಕಿತ್ಸೆಯನ್ನು ಅಮೆರಿಕದ ತಜ್ಞರು 1973ರಲ್ಲಿ ಪ್ರಕಟಿಸಿದರು. ದಿನನಿತ್ಯದ ಹೆಸರು, ದಾರಿಗಳೇ ಮರೆಯತೊಡಗಿದ್ದರೆ ಅದು ವೈದ್ಯರಲ್ಲಿ ಕೇಳಬೇಕಾದ ವಿಷಯ, ಚರಣ ಮರೆಯುವುದಲ್ಲ.

ತಪ್ಪು ಕಲ್ಪನೆ: ಹಾಡುತ್ತ ಹಾಡುತ್ತ ಪದ ತಾನಾಗಿ ಸರಿಹೋಗುತ್ತದೆ.

ವಾಸ್ತವ: ಗುನುಗುವವರ ಪಕ್ಷದವರೇ ನಂಬಿರುವ ತಪ್ಪು ಇದು. ಸರಿಯಾದದ್ದು ಹೇಗೆ ಹಾಡಿದಷ್ಟೂ ಗಟ್ಟಿಯಾಗುತ್ತದೋ, ತಪ್ಪೂ ಹಾಗೆಯೇ ಗಟ್ಟಿಯಾಗುತ್ತದೆ. ಕಿವಿ ಒಮ್ಮೆ ತಪ್ಪು ಪದವನ್ನೇ ಸರಿಯೆಂದು ತೀರ್ಮಾನಿಸಿದ ಮೇಲೆ ಮೂಲ ಹಾಡಿನಲ್ಲೂ ಅದೇ ಕೇಳಿಸುತ್ತದೆ. ಹಿಂದೆ ಟಾಕೀಸುಗಳ ಹೊರಗೆ ಚಿಲ್ಲರೆ ಕಾಸಿಗೆ ಸಿಗುತ್ತಿದ್ದ ಹಾಡಿನ ಪುಸ್ತಕಗಳು ಇದಕ್ಕೊಂದು ಮದ್ದಾಗಿದ್ದವು. ಈಗ ಸಾಹಿತ್ಯ ಮೊಬೈಲಿನಲ್ಲೇ ಸಿಗುತ್ತದೆ, ಆದರೆ ಅಲ್ಲೂ ಯಾರೋ ಕೇಳಿ ಬರೆದುಕೊಂಡ ತಪ್ಪುಗಳಿರುತ್ತವೆ. ಭಾವಗೀತೆಯಾದರೆ ಕವಿಯ ಸಂಕಲನವನ್ನೇ ನೋಡುವುದು ಮೇಲು. ಸಾಲುಗಳನ್ನು ರಾಗವಿಲ್ಲದೆ, ಗದ್ಯದ ಹಾಗೆ, ಪದ ಬಿಡಿಸಿ ಎರಡು ಮೂರು ಸಲ ಜೋರಾಗಿ ಓದಬೇಕು. ಆಮೇಲೆ ಹಾಡು ಹಾಕಿಕೊಂಡು ಜೊತೆಗೆ ಹಾಡಿದರೆ ಎಲ್ಲಿ ಎಡವುತ್ತಿದ್ದೆವೆಂದು ಅಲ್ಲಲ್ಲೇ ತಿಳಿಯುತ್ತದೆ. ಆ ಒಂದು ತುಣುಕನ್ನಷ್ಟೇ ಬೇರೆಯಾಗಿ ಹಾಡಿ ಸಾಧಿಸಿದರೆ ಸಾಕು, ಇಡೀ ಹಾಡನ್ನು ಮತ್ತೆ ಕಲಿಯಬೇಕಿಲ್ಲ.