ಗೊರಕೆ ರೋಗ ಪತ್ತೆಗೆ ಪ್ರಶ್ನೆಪಟ್ಟಿ



ಸಂಘದ ಕಾರ್ಯದರ್ಶಿಯವರು ಹಾಳೆ ಹಿಡಿದು ಬಂದು ‘ರಾಸುಗಳಿಗೆ ಏನಾದರೂ ಕಾಯಿಲೆ ಇದೆಯೇ?’ ಎಂದು ಕೇಳಿದರೆ ಅನೇಕರು ‘ಏನೂ ಇಲ್ಲ’ ಎಂದು ಹೇಳಿ ಕಳುಹಿಸುತ್ತಾರೆ. ಹಾಲು ಬೇಡವೆಂದಾರು, ಸಂತೆಯಲ್ಲಿ ಬೆಲೆ ಬಿದ್ದೀತು ಎಂಬ ಅಂಜಿಕೆ. ಗೊರಕೆ ರೋಗದ ಮಟ್ಟಿಗೆ ಈ ಮುಚ್ಚುಮರೆಯಿಂದ ಊರಿಗೇ ನಷ್ಟ. ಇದು ಹಾಲಿನಿಂದ ಹರಡುವ ರೋಗವಲ್ಲ, ಕೆರೆ ಕುಂಟೆಗಳಿಂದ ಹರಡುವಂಥದು. ಒಂದು ಮನೆಯ ಹಸು ಗೊರಕೆ ಹೊಡೆದರೆ ಅದೇ ಕುಂಟೆಗೆ ಇಳಿಯುವ ಇತರ ರಾಸುಗಳಿಗೂ ಅಪಾಯವಿದೆ ಎಂದೇ ತಿಳಿಯಬೇಕು.

ಮೂಗಿನ ರಕ್ತನಾಳಗಳಲ್ಲಿ ವಾಸಿಸುವ ಶಿಸ್ಟೋಸೋಮಾ ನೇಸಾಲೆ ಎಂಬ ಜಂತು ಇದಕ್ಕೆ ಕಾರಣ. 1933ರಲ್ಲಿ ನಮ್ಮ ದೇಶದಲ್ಲೇ ಎಂ. ಎ. ಎನ್. ರಾವ್ ಅವರು ಇದನ್ನು ವಿವರಿಸಿ ಹೆಸರಿಟ್ಟರು. ರಾಸು ನೀರು ಕುಡಿಯುವಾಗ ಸಿಂಬಳದೊಡನೆ ಮೊಟ್ಟೆಗಳು ನೀರಿಗೆ ಬೀಳುತ್ತವೆ. ಮರಿಹುಳು ನೀರಿನ ಬಸವನಹುಳುವಿನೊಳಗೆ ಬೆಳೆದು ಹೊರಬಂದು, ಕುಂಟೆಯಲ್ಲಿ ನಿಂತ ರಾಸಿನ ಚರ್ಮ ಕೊರೆದು ಒಳಸೇರುತ್ತದೆ. ಮೂಗಿನಲ್ಲಿ ಹೂಕೋಸಿನಂಥ ಗಂಟು ಬೆಳೆದು ಉಸಿರಾಟಕ್ಕೆ ತಡೆಯಾಗುತ್ತದೆ. ಮೇವು ತಗ್ಗಿ ಹಾಲು ಇಳಿಯುತ್ತದೆ.

ಎಲ್ಲ ಊರಿನ ಎಲ್ಲ ರಾಸುಗಳ ಸಿಂಬಳ ಪರೀಕ್ಷೆ ಆಗುವ ಮಾತಲ್ಲ. ಹಾಗಾದರೆ ಯಾವ ಊರಿಗೆ ಮೊದಲು ಹೋಗಬೇಕು? ಆಫ್ರಿಕದಲ್ಲಿ ಇದೇ ಕುಲದ ಇನ್ನೊಂದು ಜಂತು ಮನುಷ್ಯರ ಮೂತ್ರಕೋಶಕ್ಕೆ ತಗಲಿ ಮೂತ್ರ ಕೆಂಪಾಗಿಸುತ್ತದೆ. 1980ರ ದಶಕದ ಕೊನೆಗೆ ಟಾಂಜಾನಿಯಾದ ಕಿಲೋಸಾ ಜಿಲ್ಲೆಯಲ್ಲಿ ಶಾಲೆಗಳಿಗೆ ಪ್ರಶ್ನೆಪಟ್ಟಿ ಕಳುಹಿಸಿ, ಉಪಾಧ್ಯಾಯರಿಂದಲೇ ಮಕ್ಕಳನ್ನು ಕೇಳಿಸಿದರು. ಈ ರೋಗವನ್ನು ಜನರ ಬಾಯಲ್ಲಿದ್ದ ಹೆಸರಿನಿಂದಲೇ, ಬೇರೆ ಕಾಯಿಲೆಗಳ ನಡುವೆ ಸೇರಿಸಿ ಕೇಳಿದ್ದರಿಂದ ಉತ್ತರ ಕಲಿಸಿಕೊಟ್ಟಂತೆ ಆಗಲಿಲ್ಲ. ‘ಹೌದು’ ಎಂದವರು ತೀರಾ ಕಡಿಮೆಯಿದ್ದ ಶಾಲೆಗಳನ್ನು ಧೈರ್ಯವಾಗಿ ಬಿಟ್ಟು, ಉಳಿದ ಕಡೆ ಮೂತ್ರ ಪರೀಕ್ಷೆ ಮಾಡಲು ಸಾಧ್ಯವಾಯಿತು. ಮುಂದೆ ಆಫ್ರಿಕದ ಬೇರೆ ದೇಶಗಳಲ್ಲೂ ಈ ಕ್ರಮ ಫಲ ಕೊಟ್ಟಿತು. ಮಕ್ಕಳು ನಿಜ ಹೇಳಿದರು. ದೊಡ್ಡವರಾದ ನಮ್ಮಿಂದ ಅದು ಕಷ್ಟ ಎನ್ನುವುದು ಬೇರೆ ಮಾತು!

ನಮ್ಮ ಹಾಳೆಯಲ್ಲೂ ಉಣ್ಣೆ, ಭೇದಿ, ಕೆಮ್ಮಿನ ನಡುವೆ ಗೊರಕೆಯ ಪ್ರಶ್ನೆ ಇರಬೇಕು. ಗೊರಕೆ ಎಷ್ಟು ದಿನದಿಂದ ಇದೆ, ಸಿಂಬಳದಲ್ಲಿ ರಕ್ತ ಬರುವುದೇ, ಯಾವ ಕುಂಟೆಯ ನೀರು ಎಂಬುದನ್ನು ಸರಿಯಾಗಿ ಬರೆಸಿ. ಗೊರಕೆ ಇಲ್ಲದಿದ್ದರೆ ‘ಇಲ್ಲ’ ಎಂದೇ ಬರೆಸಿ, ಜಾಗ ಖಾಲಿ ಬಿಡಬೇಡಿ. ಹಠಾತ್ತನೆ ಜ್ವರ, ಗಂಟಲು ಊತದೊಡನೆ ಉಸಿರು ಕಟ್ಟಿದರೆ ಅದು ಗಳಲೆ ರೋಗವಿರಬಹುದು. ಆಗ ಹಾಳೆಗಾಗಿ ಕಾಯದೆ ವೈದ್ಯರನ್ನು ಕರೆಯಿರಿ.

ಈ ವಿಧಾನಕ್ಕೆ ಒಂದು ಕೊರತೆಯೂ ಉಂಟು. ಎಮ್ಮೆಗಳಿಗೆ ಈ ಜಂತು ತಗಲಿದರೂ ಅನೇಕ ವೇಳೆ ಗೊರಕೆ ಬರುವುದಿಲ್ಲ, ಆದರೂ ಸಿಂಬಳದಲ್ಲಿ ಮೊಟ್ಟೆ ಬೀಳುತ್ತಿರಬಹುದು. ಆದ್ದರಿಂದ ಗೊರಕೆ ಕಂಡ ಊರಿನಲ್ಲಿ ಪರೀಕ್ಷೆ ನಡೆಯುವ ದಿನ ಹಸುಗಳ ಜೊತೆಗೆ ಎಮ್ಮೆಗಳನ್ನೂ ಕರೆತನ್ನಿ.